ವಸಂತದ ಒರಟು ಗಾಳಿಯಲ್ಲಿ ಗ್ರೀಕ್ ದ್ವೀಪಗಳ ನಡುವೆ ಹಾಯಿದೋಣಿ: ಲಾವ್ರಿಯೊದಿಂದ ಪಾರೋಸ್‌ಗೆ ಹೋಗಿ ಬರುವ ಸಮಗ್ರ ಮಾರ್ಗದರ್ಶಿ

ಏಜಿಯನ್ ಕಡಲಿನಲ್ಲಿ ಹಾಯಿದೋಣಿ ನಡೆಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಬೇಸಿಗೆಯ ಮೆಲ್ತೆಮಿ ಗಾಳಿಗೆ ಸಂಬಂಧಿಸಿದ್ದು. ಮೆಲ್ತೆಮಿ ಜೋರಾಗಿದ್ದರೂ ಬೀಸುವುದು ಒಂದೇ ಕಡೆಯಿಂದ. ಬಡಗಣ ದಿಕ್ಕಿನಿಂದ ಶುರುವಾದರೆ ದಿನಗಟ್ಟಲೆ ಅಲ್ಲಿಂದಲೇ. ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಲೆಕ್ಕ ಬೇರೆ. ಆಗ ಮೆಡಿಟರೇನಿಯನ್ನಿನ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಸಾಗುತ್ತವೆ. ಕುಸಿತ ಬರುವ ಮುನ್ನ ತೆಂಕಣ ಗಾಳಿ, ಅದು ದಾಟಿದ ಮೇಲೆ ಬಡಗಣ ಗಾಳಿ. ಎರಡರ ನಡುವಿನ ತಿರುವು ಕೆಲವೊಮ್ಮೆ ಅರ್ಧ ಗಂಟೆಯಲ್ಲೇ ಮುಗಿದುಹೋಗುತ್ತದೆ. ಸಂಜೆ ಕೊಳದಂತಿದ್ದ ಕೊಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಅಲೆಗಳಿಗೆ ಬಾಯಿ ತೆರೆದು ನಿಂತಿರುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯ ಮೂಲ ನಿಯಮ ಇದು: ರಾತ್ರಿ ತಂಗುವ ಜಾಗವನ್ನು ಈಗ ಬೀಸುತ್ತಿರುವ ಗಾಳಿ ನೋಡಿ ಆರಿಸಬೇಡಿ, ನಾಳೆ ಬರಲಿರುವ ಗಾಳಿ ನೋಡಿ ಆರಿಸಿ. ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಸುಮಾರು 12 ಮೀಟರ್ ಉದ್ದದ, ಒಂದೇ ಒಡಲಿನ ಬಾಡಿಗೆ ದೋಣಿ, ನಾಲ್ಕೈದು ಜನರ ತಂಡ, ಎಂಟರಿಂದ ಹತ್ತು ದಿನ. ಬಾಡಿಗೆಗೆ ಕೊಡುವವರು ಸ್ಕಿಪ್ಪರನ (ದೋಣಿಯ ನಾಯಕನ) ಅರ್ಹತಾಪತ್ರವನ್ನೂ ದೋಣಿ ಬಲ್ಲ ಎರಡನೆಯ ವ್ಯಕ್ತಿಯನ್ನೂ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಜರ್ಮನಿ, ನೆದರ್ಲೆಂಡ್ಸ್ ಕಡೆ ಇರುವ ಕನ್ನಡಿಗರು ಈಸ್ಟರ್ ರಜೆಗೆ ಹೊರಡುವುದಾದರೆ ಗ್ರೀಸಿನ ಆರ್ಥಡಾಕ್ಸ್ ಈಸ್ಟರ್ ದಿನಾಂಕವನ್ನು ಬೇರೆಯಾಗಿ ನೋಡಿಕೊಳ್ಳಿ. ಆ ವಾರಾಂತ್ಯದಲ್ಲಿ ದ್ವೀಪಗಳ ಅಂಗಡಿ, ರಿಪೇರಿಯವರು, ಡೀಸೆಲ್ ತಂದುಕೊಡುವವರು ಸಿಗುವುದು ಕಷ್ಟ.

ಗಾಳಿಯನ್ನು ಓದುವುದು

ಗ್ರೀಸಿನ ಹವಾಮಾನ ವರದಿಗಳು ಗಾಳಿಯನ್ನು ಬೋಫೋರ್ಟ್ ಅಂಕೆಯಲ್ಲಿ, ಅಂದರೆ ಗಾಳಿಯ ಬಲದ ಶ್ರೇಣಿಯಲ್ಲಿ ಹೇಳುತ್ತವೆ. ಈ ನಾಲ್ಕನ್ನು ಬಾಯಿಪಾಠ ಮಾಡಿಕೊಳ್ಳಿ: 5 ಅಂದರೆ 17–21 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.), 6 ಅಂದರೆ 22–27, 7 ಅಂದರೆ 28–33, 8 ಅಂದರೆ 34–40. ಇವು ಸರಾಸರಿ ವೇಗ. ಹೊಡೆತ ಬಂದಾಗ ಇದರ ಮೇಲೆ ಮೂರರಲ್ಲೊಂದು ಪಾಲು ಸೇರಿಸಿ ನೋಡಬೇಕು.

ಮುನ್ಸೂಚನೆಗೆ ಮೂರು ಮೂಲಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಒಂದು, ಗ್ರೀಸಿನ ರಾಷ್ಟ್ರೀಯ ಹವಾಮಾನ ಸೇವೆಯ ಸಮುದ್ರ ವರದಿ. ಎರಡು, ಹೆಲೆನಿಕ್ ಸಾಗರ ಸಂಶೋಧನಾ ಕೇಂದ್ರದ ಪೊಸೈಡನ್ ಮುನ್ಸೂಚನೆ. ಇದರಲ್ಲಿ ಗಾಳಿಯ ಜೊತೆಗೆ ಅಲೆಯ ಎತ್ತರವೂ ಸಿಗುತ್ತದೆ. ಮೂರು, ಮೊಬೈಲಿನಲ್ಲಿ ನೋಡುವ ಯುರೋಪಿಯನ್ ಮತ್ತು ಅಮೆರಿಕನ್ ಮಾದರಿಗಳು, ಅಂದರೆ ಕಂಪ್ಯೂಟರ್ ಲೆಕ್ಕದ ಮುನ್ಸೂಚನೆಗಳು. ಎರಡು ಮಾದರಿಗಳು ಒಂದೇ ಮಾತು ಹೇಳುತ್ತಿದ್ದರೆ ನಂಬಬಹುದು. ತಿರುವಿನ ಸಮಯದಲ್ಲಿ ಅವು ಆರು ಗಂಟೆಗಿಂತ ಹೆಚ್ಚು ಭಿನ್ನವಾಗಿದ್ದರೆ, ಮೊದಲು ಬರುತ್ತದೆ ಎನ್ನುವ ಮಾದರಿಯನ್ನೇ ನಂಬಿ ಯೋಜನೆ ಮಾಡಿ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಗ್ರೀಸಿನ ಕರಾವಳಿ ರೇಡಿಯೊ ಕೇಂದ್ರವಾದ ಒಲಿಂಪಿಯಾ ರೇಡಿಯೊ ವಿಎಚ್‌ಎಫ್‌ನಲ್ಲಿ (ದೋಣಿಯ ರೇಡಿಯೊದಲ್ಲಿ) ಹವಾಮಾನ ಓದುತ್ತದೆ. ಮೊದಲು 16ನೇ ಚಾನೆಲ್‌ನಲ್ಲಿ ಸೂಚನೆ ಕೊಟ್ಟು, ಯಾವ ಚಾನೆಲ್‌ಗೆ ಹೋಗಬೇಕೆಂದು ಹೇಳುತ್ತಾರೆ. ರೇಡಿಯೊ ವೇಳೆಗಳು ಯುಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿರುತ್ತವೆ. ಮಾರ್ಚ್ ಕೊನೆಯ ಭಾನುವಾರದಿಂದ ಗ್ರೀಸ್ ಅದಕ್ಕಿಂತ ಮೂರು ಗಂಟೆ ಮುಂದೆ ಎಂಬುದನ್ನು ಮರೆತರೆ ಬೆಳಗಿನ ವರದಿ ತಪ್ಪಿಹೋಗುತ್ತದೆ.

ಮಾದರಿಗಳಿಗೆ ದ್ವೀಪಗಳ ಬೆಟ್ಟ ಸರಿಯಾಗಿ ಕಾಣುವುದಿಲ್ಲ. ಎರಡು ದ್ವೀಪಗಳ ನಡುವಿನ ಕಾಲುವೆಯಲ್ಲಿ ಗಾಳಿ ಹಿಂಡಿಕೊಂಡು ಹೋಗುವುದರಿಂದ ಮುನ್ಸೂಚನೆಗಿಂತ ಒಂದು ಬೋಫೋರ್ಟ್ ಹೆಚ್ಚು ಎಂದೇ ಎಣಿಸಿ. ಎತ್ತರದ ದ್ವೀಪದ ಮರೆಯಲ್ಲಿ ಇನ್ನೂ ಮೋಸ. ಅಲೆ ಇರುವುದಿಲ್ಲ, ಆದರೆ ಗಾಳಿ ಬೆಟ್ಟದ ಮೇಲಿಂದ ಕೆಳಕ್ಕೆ ಧುಮುಕುತ್ತದೆ. ಹತ್ತು ನಾಟ್ ಇದ್ದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂವತ್ತು. ನೀರಿನ ಮೇಲೆ ಬಿಳಿ ಹುಡಿ ಏಳುತ್ತ ಬರುವುದು ಇದರ ಮುನ್ಸೂಚನೆ. ಅಲ್ಲಿ ಹಾಯಿ ಬಿಚ್ಚಿ ವೇಗ ಗಳಿಸುವ ಆಸೆ ಬೇಡ.

ದೋಣಿಯ ವಾಯುಭಾರಮಾಪಕವನ್ನು ಗಂಟೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯಿರಿ. ಮೂರು ಗಂಟೆಯಲ್ಲಿ ಮೂರು ಹೆಕ್ಟೊಪಾಸ್ಕಲ್ (ವಾಯುಭಾರದ ಅಳತೆ, ಮಿಲಿಬಾರ್ ಎಂದರೂ ಅದೇ) ಇಳಿದರೆ ಬಂದರು ಹುಡುಕುವ ಹೊತ್ತಾಯಿತು. ತೆಂಕಣ ಗಾಳಿಗೆ ಅದರದೇ ಗುರುತುಗಳಿವೆ: ಬೆಚ್ಚಗಿನ ಹವೆ, ಮಸುಕು ದಿಗಂತ, ಸಹಾರಾದ ಧೂಳಿನಿಂದ ಹಳದಿ ತಿರುಗಿದ ಆಕಾಶ, ಮಳೆ ಬಂದರೆ ಡೆಕ್ಕಿನ ಮೇಲೆ ಕೆಂಪು ಕೆಸರು. ನಂತರ ಪಶ್ಚಿಮದಲ್ಲಿ ಕಪ್ಪು ಮೋಡದ ಗೆರೆ ಕಂಡು, ಗಾಳಿ ನೈಋತ್ಯಕ್ಕೆ ಸರಿದು, ಆಮೇಲೆ ವಾಯವ್ಯಕ್ಕೆ ತಿರುಗಿ, ಹವೆ ತಟ್ಟನೆ ತಣ್ಣಗಾಗಿ, ವಾಯುಭಾರ ಏರಿದರೆ ಶೀತಮುಖ (ಕುಸಿತದ ಜೊತೆ ಬರುವ ತಣ್ಣನೆ ಹವೆಯ ಮುಂಚೂಣಿ) ದಾಟಿತೆಂದು ಅರ್ಥ. ವಾಯುಭಾರ ಏರುತ್ತಿದೆಯಲ್ಲ ಎಂದು ನೆಮ್ಮದಿ ಪಡುವುದು ಇಲ್ಲಿ ದೊಡ್ಡ ತಪ್ಪು. ವಾರದ ಅತಿ ಜೋರು ಗಾಳಿ ಬೀಸುವುದು ಹೆಚ್ಚಾಗಿ ಆ ಏರಿಕೆಯ ಮೊದಲ ಗಂಟೆಗಳಲ್ಲೇ.

ಅಲೆಯ ಬಗ್ಗೆ ಒಂದು ಮಾತು, ವಿಶೇಷವಾಗಿ ಮಲ್ಪೆ, ಮಂಗಳೂರು, ಕಾರವಾರದ ಕಡಲು ಬಲ್ಲವರಿಗೆ. ಅರಬ್ಬೀ ಸಮುದ್ರದ ಮಳೆಗಾಲದ ಅಲೆ ದೊಡ್ಡದು, ಆದರೆ ಉದ್ದ. ದೋಣಿ ಏರಿ ಇಳಿಯಲು ಸಮಯ ಕೊಡುತ್ತದೆ. ಏಜಿಯನ್ನಿನ ಎರಡೂವರೆ ಮೀಟರ್ ಅಲೆ ಐದು ಸೆಕೆಂಡಿಗೊಂದರಂತೆ ಗೋಡೆಯಂತೆ ನೆಟ್ಟಗೆ ಬರುತ್ತದೆ. ಎತ್ತರದ ಅಂಕೆ ಕೇಳಿ 'ಇಷ್ಟೇನಾ' ಎಂದುಕೊಂಡು ಹೊರಟರೆ ದೋಣಿ ಪ್ರತಿ ಮೂರನೇ ಅಲೆಗೆ ತಡೆದು ನಿಂತಾಗ ವ್ಯತ್ಯಾಸ ಅರ್ಥವಾಗುತ್ತದೆ.

ದಾರಿ ಮತ್ತು ಪ್ರತಿ ಬಂದರಿನ ದೌರ್ಬಲ್ಯ

ಅಥೆನ್ಸ್ ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ಲಾವ್ರಿಯೊದಿಂದ ಹೊರಟರೆ ಸರೋನಿಕ್ ಕೊಲ್ಲಿಯನ್ನೂ ಸೂನಿಯೊ ಭೂಶಿರದ ಹೊಡೆತಗಳನ್ನೂ ತಪ್ಪಿಸಿದಂತಾಗುತ್ತದೆ. ದೂರಗಳು ನಾಟಿಕಲ್ ಮೈಲಿನಲ್ಲಿ ಹೆಚ್ಚುಕಡಿಮೆ ಹೀಗಿವೆ: ಲಾವ್ರಿಯೊದಿಂದ ಕೇಯಾ ದ್ವೀಪ 15, ಕೇಯಾದಿಂದ ಕಿಥ್ನೋಸ್‌ನ ಲೂತ್ರಾ 20, ಅಲ್ಲಿಂದ ಸೀರೋಸ್‌ನ ಫಿನಿಕಾಸ್ 22, ಫಿನಿಕಾಸ್‌ನಿಂದ ಪಾರೋಸ್‌ನ ನಾವೂಸಾ 25.

ಈ ದಾರಿ ಆಗ್ನೇಯಕ್ಕೆ ಸಾಗುತ್ತದೆ. ಬಡಗಣ ಗಾಳಿಯಲ್ಲಿ ಹೋಗುವುದು ಸುಲಭ, ಮೋಜು. ಬಲೆ ಇರುವುದೇ ಅಲ್ಲಿ. ಅದೇ ಗಾಳಿಯಲ್ಲಿ ಹಿಂದಿರುಗುವುದೆಂದರೆ ಎದುರುಗಾಳಿಗೆ ಮುಖ ಕೊಟ್ಟು ಓರೆಯೋರೆಯಾಗಿ ಏರುವುದು. 25 ನಾಟ್ ಗಾಳಿ, ಮೋಟು ಅಲೆಯಲ್ಲಿ ಬಾಡಿಗೆ ದೋಣಿ ಗಂಟೆಗೆ ನಾಲ್ಕೂವರೆ ಮೈಲು ಓಡಿದರೂ ಗುರಿಯ ಕಡೆಗೆ ಸಾಗುವುದು ಎರಡೂಮುಕ್ಕಾಲು ಮೈಲು ಅಷ್ಟೇ. 20 ಮೈಲಿಗೆ ಏಳು ಗಂಟೆಗಿಂತ ಹೆಚ್ಚು, ಅದೂ ಒದ್ದೆಯಾಗಿ, ನಡುಗುತ್ತ. ಆದ್ದರಿಂದ ಹೋಗಲು ಬಡಗಣ ಗಾಳಿಯನ್ನೂ ಬರಲು ಮುಂದಿನ ಕುಸಿತಕ್ಕೆ ಮುಂಚಿನ ತೆಂಕಣ ಗಾಳಿಯನ್ನೂ ಬಳಸಿ. ತೆಂಕಣ ಗಾಳಿ ಹಲವು ಗಂಟೆಗಳ ಕಾಲ ನಿಧಾನವಾಗಿ ಬಲಗೊಳ್ಳುತ್ತದೆ. ಅದು 4–5 ಬೋಫೋರ್ಟ್ ಇರುವಾಗ ಹೊರಟು 7 ಆಗುವ ಮುಂಚೆ ಬಂದರಿನಲ್ಲಿ ಹಗ್ಗ ಕಟ್ಟಿರಬೇಕು. ಇದಕ್ಕಾಗಿ ಎರಡು ದಿನವನ್ನಾದರೂ ಖಾಲಿ ಇಟ್ಟುಕೊಳ್ಳಿ. ವಾಪಸು ವಿಮಾನ ಇಂಥ ದಿನ ಇದೆಯೆಂದು ಬಿರುಗಾಳಿಯಲ್ಲಿ ಹೊರಡುವ ತಂಡಗಳೇ ಹೆಚ್ಚು ಕಷ್ಟಕ್ಕೆ ಸಿಲುಕುವುದು.

ಬಂದರುಗಳಿಗೆ ಬರೋಣ. ಕೇಯಾದ ಅಯಿಯೊಸ್ ನಿಕೊಲಾವೊಸ್ ಕೊಲ್ಲಿಯ ಒಳಮೂಲೆಯ ವೂರ್ಕಾರಿ ಈ ದಾರಿಯ ಅತ್ಯುತ್ತಮ ಆಸರೆ. ಗಾಳಿ ಎರಡೂ ಕಡೆಯಿಂದ ತಿರುಗಿದರೂ ಅಲ್ಲಿ ಅಲೆ ಬಾರದು, ಹೊಡೆತ ಮಾತ್ರ ಬರುತ್ತದೆ. ಅದೇ ಕೊಲ್ಲಿಯ ಫೆರಿ ಬಂದರು ಕೊರಿಸಿಯಾ ಬಡಗಣ ಗಾಳಿಗೆ ತೆರೆದಿದೆ. ಕಿಥ್ನೋಸ್‌ನ ಈಶಾನ್ಯದಲ್ಲಿರುವ ಲೂತ್ರಾ ತೆಂಕಣ ಗಾಳಿಗೆ ಒಳ್ಳೆಯದು. ಬಿಸಿನೀರಿನ ಬುಗ್ಗೆಗಳಿರುವುದರಿಂದ ತಣ್ಣಗಿನ ಏಪ್ರಿಲ್‌ನಲ್ಲಿ ತಂಡಕ್ಕೆ ಬಹಳ ಪ್ರಿಯವೂ ಹೌದು. ಆದರೆ ಬಡಗಣ ಗಾಳಿ 6 ದಾಟಿದರೆ ಅದರ ಕಿರಿದಾದ ಬಾಯಿಗೆ ನುಗ್ಗುವುದು ಅಪಾಯ, ಹೊರಡುವುದೂ ಅಷ್ಟೇ. ಬಡಗಣ ಗಾಳಿ ಇದ್ದರೆ ದ್ವೀಪದ ಪಶ್ಚಿಮ ಬದಿಗೆ, ಕೊಲೊನಾ ಮರಳುಪಟ್ಟಿಯ ದಕ್ಷಿಣಕ್ಕಿರುವ ಫಿಕಿಯಾದಾ ಕೊಲ್ಲಿಗೆ ಹೋಗಿ ಲಂಗರು ಹಾಕಿ. ಗಾಳಿ ನೈಋತ್ಯಕ್ಕೆ ತಿರುಗುವ ಸೂಚನೆ ಇದ್ದರೆ ಅಲ್ಲಿ ರಾತ್ರಿ ಕಳೆಯಬೇಡಿ.

ಸೀರೋಸ್‌ನ ಫಿನಿಕಾಸ್ ನೈಋತ್ಯ ಬದಿಯಲ್ಲಿದೆ. ಬಡಗಣ ಗಾಳಿಗೆ ಸುರಕ್ಷಿತ, ತೆಂಕಣದ ಉಬ್ಬಲೆ ಒಳಗೆ ಬರುತ್ತದೆ. ಏನಾದರೂ ಮುರಿದರೆ ಪೂರ್ವದ ಎರ್ಮೂಪೊಲಿಗೆ ಹೋಗಿ. ಅಲ್ಲಿ ಹಳೆಯ ಹಡಗುಕಟ್ಟೆ ಇದೆ, ಕೆಲಸ ಬಲ್ಲವರು ಸಿಗುತ್ತಾರೆ. ಆದರೆ ಫೆರಿಗಳ ಅಲೆಯಿಂದ ದೋಣಿ ಧಕ್ಕೆಗೆ ಬಡಿಯದಂತೆ ಒಂದೂವರೆ–ಎರಡು ಮೀಟರ್ ದೂರ ಇಟ್ಟು ಕಟ್ಟಬೇಕು. ಪಾರೋಸ್‌ನ ನಾವೂಸಾ ಉತ್ತರಕ್ಕೆ ಅಗಲವಾಗಿ ತೆರೆದ ಕೊಲ್ಲಿ. ತೆಂಕಣ ಗಾಳಿಗೆ ಊರಿನ ಮುಂದೆ, ಬಡಗಣ ಗಾಳಿಗೆ ಕೊಲ್ಲಿಯ ವಾಯವ್ಯ ಮೂಲೆಯ ಅಯಿಯೊಸ್ ಯೊಆನಿಸ್ ತಾವಿನಲ್ಲಿ ನಿಲ್ಲಿ. ಒಂದೇ ಕೊಲ್ಲಿಯೊಳಗೆ ಎರಡೂ ಗಾಳಿಗೆ ಜಾಗ ಇರುವುದೇ ಇದರ ಬೆಲೆ.

ಪಾರೋಸ್‌ನ ಪಶ್ಚಿಮದ ಪಾರಿಕಿಯಾಗೆ ಹೋಗುವವರು ಪೋರ್ಟೆಸ್ ಬಂಡೆಗಳನ್ನು ನಕ್ಷೆಯಲ್ಲಿ ಕೆಂಪು ವೃತ್ತ ಹಾಕಿ ಗುರುತಿಸಿಕೊಳ್ಳಿ. 2000ರ ಸೆಪ್ಟೆಂಬರ್ 26ರ ರಾತ್ರಿ ಜೋರು ಗಾಳಿಯಲ್ಲಿ ಎಕ್ಸ್‌ಪ್ರೆಸ್ ಸಮಿನಾ ಎಂಬ ಫೆರಿ ಈ ಬಂಡೆಗೆ ಬಡಿದು ಮುಳುಗಿ 80ಕ್ಕೂ ಹೆಚ್ಚು ಜನ ಸತ್ತರು. ಕತ್ತಲಲ್ಲಿ ಅಪರಿಚಿತ ಬಂದರಿಗೆ ಹೋಗುವ ಆಲೋಚನೆಯನ್ನೇ ಈ ಋತುವಿನಲ್ಲಿ ಬಿಡಿ. ಇನ್ನೊಂದು ನಿಷಿದ್ಧ ಜಾಗ, ಎವಿಯಾ ಮತ್ತು ಆಂಡ್ರೋಸ್ ನಡುವಿನ ಕಾಫಿರೆಯಾಸ್ ಜಲಸಂಧಿ. ಬಡಗಣ ಗಾಳಿಯ ಜೊತೆಗೆ ಪ್ರವಾಹವೂ ಅಲ್ಲಿ ನೈಋತ್ಯಕ್ಕೆ ಓಡುತ್ತದೆ. ನಮ್ಮ ದಾರಿ ಅದರ ಕೆಳಗೆ ಹಾಯುವುದರಿಂದ ಅಲ್ಲಿನ ಉಬ್ಬಲೆ ಕೇಯಾ–ಕಿಥ್ನೋಸ್‌ವರೆಗೂ ತಾಕುತ್ತದೆ.

ದೋಣಿ ಪಡೆಯುವಾಗ: ಚಳಿಗಾಲ ಬಿಟ್ಟುಹೋದ ದೋಷಗಳು

ಏಪ್ರಿಲ್‌ನಲ್ಲಿ ನಿಮ್ಮ ಕೈಗೆ ಬರುವ ದೋಣಿ ಬಹುಶಃ ಐದಾರು ತಿಂಗಳು ನಿಂತಿತ್ತು. ಅರ್ಧ ಖಾಲಿ ಡೀಸೆಲ್ ಟ್ಯಾಂಕಿನಲ್ಲಿ ತೇವ ಸೇರಿ ನೀರಾಗಿ, ಆ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದು, ತಳದಲ್ಲಿ ಲೋಳೆ ಕೂತಿರುತ್ತದೆ. ಬಂದರಿನೊಳಗೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಹೊರಗೆ ಅಲೆಗೆ ಟ್ಯಾಂಕ್ ಕಲಕಿದಾಗ ಲೋಳೆ ಫಿಲ್ಟರಿಗೆ ಬಂದು, ಎಂಜಿನ್ ಬೇಕೇಬೇಕಾದ ಕ್ಷಣದಲ್ಲಿ ನಿಲ್ಲುತ್ತದೆ. ವಸಂತದಲ್ಲಿ ಎಂಜಿನ್ ನಿಲ್ಲುವ ಸಾಮಾನ್ಯ ಕಾರಣ ಇದೇ. ನೀರು ಬೇರ್ಪಡಿಸುವ ಬಟ್ಟಲಿನ ತಳದ ತಿರುಪು ಸಡಿಲಿಸಿ ಒಂದು ಲೋಟ ಗಾಜಿನ ಬಾಟಲಿಗೆ ಇಳಿಸಿ ನೋಡಿ. ನೀರಿನ ಗೆರೆಯೋ ಕಪ್ಪು ಚೂರೋ ಕಂಡರೆ ಫಿಲ್ಟರ್ ಬದಲಿಸಲು ಹೇಳಿ. ಕನಿಷ್ಠ ಎರಡು ಹೆಚ್ಚುವರಿ ಫಿಲ್ಟರ್, ಒಂದು ಇಂಪೆಲ್ಲರ್ (ಎಂಜಿನ್ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಚಕ್ರ), ಒಂದು ಬೆಲ್ಟ್ ದೋಣಿಯಲ್ಲಿರಲಿ. ಹಗ್ಗ ಬಿಗಿದಿರುವಾಗಲೇ ಗೇರ್ ಹಾಕಿ ಕಾಲು ಗಂಟೆ ಎಂಜಿನ್ ಓಡಿಸಿ, ಹೊಗೆಕೊಳವೆಯಿಂದ ನೀರು ಸರಿಯಾಗಿ ಉಗುಳುತ್ತಿದೆಯೇ ನೋಡಿ.

ಲಂಗರಿನ ಸರಪಳಿ ಪೂರ್ತಿ ಹೊರಗೆ ಬಿಟ್ಟು ಅಳೆಯಿರಿ. 60 ಮೀಟರಿಗೆ ಕಡಿಮೆ ಇದ್ದರೆ ಆ ದೋಣಿ ಬೇಡ. ಹತ್ತು ಹತ್ತು ಮೀಟರಿಗೆ ಗುರುತು ಇಲ್ಲದಿದ್ದರೆ ನೀವೇ ಬಣ್ಣದ ಪಟ್ಟಿ ಕಟ್ಟಿ. ಸರಪಳಿ ಎತ್ತುವ ವಿಂಡ್‌ಲಾಸ್ ಮೋಟರಿನ ಬ್ರೇಕರ್ ಎಲ್ಲಿದೆ ಎಂದು ಕೇಳಿ, ಕೈಯಿಂದಲೇ ಮುಟ್ಟಿ ನೋಡಿ. ಸಾಮಾನ್ಯವಾಗಿ ಅದು ಯಾವುದೋ ಹಾಸಿಗೆಯ ಅಡಿಯಲ್ಲಿರುತ್ತದೆ.

ಜೆನೋವಾ (ದೋಣಿಯ ಮುಂಭಾಗದ ದೊಡ್ಡ ಹಾಯಿ) ಸುತ್ತುವ ಹಗ್ಗದ ಉದ್ದಕ್ಕೂ ಬೆರಳಾಡಿಸಿ ಸವೆತ ಹುಡುಕಿ. 30 ನಾಟ್‌ನಲ್ಲಿ ಈ ಹಗ್ಗ ತುಂಡಾದರೆ ಇಡೀ ಹಾಯಿ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಮೇನ್‌ಸೈಲ್ (ಕಂಬದ ಹಿಂದಿನ ಮುಖ್ಯ ಹಾಯಿ) ಹಾಯಿಕಂಬದೊಳಗೆ ಸುತ್ತಿಕೊಳ್ಳುವ ಬಗೆಯದಾದರೆ ಬಂದರಿನಲ್ಲೇ ಪೂರ್ತಿ ಬಿಚ್ಚಿ ಸುತ್ತಿ ನೋಡಿ. ಹಳೆಯದಾಗಿ ಹೊಟ್ಟೆ ಬಿಟ್ಟ ಹಾಯಿ ಮಡಿಕೆಯಾಗಿ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆರಿಸುವ ಅವಕಾಶ ಇದ್ದರೆ ಈ ಋತುವಿಗೆ ಮಡಚಿ ಕಟ್ಟುವ ಹಳೆಯ ಬಗೆಯ ರೀಫ್ (ಜೋರು ಗಾಳಿಗೆ ಹಾಯಿಯನ್ನು ಕುಗ್ಗಿಸುವ ಏರ್ಪಾಡು) ಇರುವ ಮೇನ್‌ಸೈಲೇ ಮೇಲು. ಸಿಕ್ಕಿಬಿದ್ದರೂ ಹಗ್ಗ ಬಿಟ್ಟರೆ ಅದು ತನ್ನ ಭಾರಕ್ಕೇ ಕೆಳಗೆ ಬರುತ್ತದೆ.

ಲೈಫ್‌ಜಾಕೆಟ್ ಒಂದೊಂದನ್ನೂ ಬಿಚ್ಚಿ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯೇ, ತೊಡೆಸಂದಿನ ಪಟ್ಟಿ ಇದೆಯೇ ನೋಡಿ. ಬದಿಗೆ ಕೊಕ್ಕೆ ಹಾಕಿಕೊಳ್ಳುವ ಟೆದರ್ ಪಟ್ಟಿಗಳು ತಲೆಗೊಂದು ಬೇಕು. ಬೇಸಿಗೆಯ ಗಿರಾಕಿಗಳು ಕೇಳದ ಕಾರಣ ಬಾಡಿಗೆ ದೋಣಿಗಳಲ್ಲಿ ಇವು ಹಲವೊಮ್ಮೆ ಇರುವುದಿಲ್ಲ. ಮುಂಗಡವಾಗಿ ಬರೆದು ಕೇಳಿ, ಇಲ್ಲವೇ ತನ್ನಿ. ನೀರಿನ ಉಷ್ಣತೆ ಏಪ್ರಿಲ್‌ನಲ್ಲಿ 15ರಿಂದ 17 ಡಿಗ್ರಿ. ಬಿದ್ದವರಿಗೆ ಮೊದಲ ನಿಮಿಷದಲ್ಲಿ ಉಸಿರು ಕಟ್ಟುತ್ತದೆ, ಸ್ವಲ್ಪ ಹೊತ್ತಿಗೆ ಬೆರಳುಗಳು ಹಗ್ಗ ಹಿಡಿಯಲಾರವು.

ಹೊರಡುವುದೋ ಬೇಡವೋ

ಈ ಗಾತ್ರದ ದೋಣಿಗೆ, ಸಾಮಾನ್ಯ ಅನುಭವದ ತಂಡಕ್ಕೆ ನಾವು ಹೇಳುವ ಮಿತಿ: ಗಾಳಿ ಹಿಂದಿನಿಂದ ಅಥವಾ ಬದಿಯಿಂದ ಬರುವುದಾದರೆ 6 ಬೋಫೋರ್ಟ್‌ವರೆಗೆ ಹೊರಡಬಹುದು. ಎದುರಿನಿಂದ ಬರುವುದಾದರೆ 5 ಸಾಕು. ದಾರಿಯ ಯಾವುದೇ ಭಾಗಕ್ಕೆ 7 ಎಂದಿದ್ದರೆ ಬಂದರಿನಲ್ಲೇ ಇರಿ. ಶೀತಮುಖ ಬರುವ ವೇಳೆಗಿಂತ ಆರು ಗಂಟೆ ಮುಂಚೆ ಕಟ್ಟಿಯಾಗಿರಬೇಕು. ಅದು ದಾಟಿದ ಮೇಲೂ ಆರರಿಂದ ಹನ್ನೆರಡು ಗಂಟೆ ಕಾಯಿರಿ. ಹಳೆಯ ತೆಂಕಣ ಅಲೆ ಸಾಯುವ ಮುನ್ನ ಹೊಸ ಬಡಗಣ ಅಲೆ ಅದರ ಮೇಲೆ ಏರುವುದರಿಂದ ಸಮುದ್ರ ಅಡ್ಡಾದಿಡ್ಡಿಯಾಗಿ, ದೋಣಿಯನ್ನು ಯಾವ ದಿಕ್ಕಿಗೂ ಹೊಂದಿಸಲು ಆಗದಂತಿರುತ್ತದೆ. ಜೋರು ಗಾಳಿಯ ದಿನ ಕರಾವಳಿ ಕಾವಲು ಪಡೆ ಫೆರಿಗಳಿಗೇ ಹೊರಡದಂತೆ ತಡೆ ಹಾಕುತ್ತದೆ. ಫೆರಿ ನಿಂತಿದೆ ಎಂದರೆ ನಿಮ್ಮ ನಿರ್ಧಾರವೂ ಆಗಿಹೋಯಿತು.

ಹೊರಡುವುದು ಬೆಳಗ್ಗೆ ಬೇಗ, ಕತ್ತಲಿಗೆ ಕನಿಷ್ಠ ಮೂರು ಗಂಟೆ ಮುಂಚೆ ತಲುಪುವಂತೆ. ಅಡುಗೆ ಹೊರಡುವ ಮುನ್ನವೇ ಆಗಿರಲಿ. ಓಲಾಡುವ ದೋಣಿಯಲ್ಲಿ ಕುದಿಯುವ ನೀರು ಚೆಲ್ಲಿ ಗಾಯವಾಗುವ ಅಪಾಯ ಹೆಚ್ಚು. ಫ್ಲಾಸ್ಕಿನಲ್ಲಿ ಬಿಸಿ ಶುಂಠಿ ಕಷಾಯ, ಒಂದೇ ಕೈಯಲ್ಲಿ ತಿನ್ನುವ ಒಣ ತಿಂಡಿ ಸಾಕು. ಎಣ್ಣೆ, ಮಸಾಲೆ ಬೇಡ. ವಾಂತಿ ತಡೆಯುವ ಮಾತ್ರೆ ಎರಡು ಗಂಟೆ ಮುಂಚೆಯೇ ನುಂಗಬೇಕು, ತಲೆ ತಿರುಗಿದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಬಸ್ಸಿನ ಪಯಣಕ್ಕೆ ನುಂಗುವ ಅವೊಮಿನ್ ನಿದ್ದೆ ತರಿಸುತ್ತದೆ. ಚುಕ್ಕಾಣಿ ಹಿಡಿಯುವವರು ಸಿನರಿಜಿನ್ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ, ಮನೆಯಲ್ಲೇ ಒಮ್ಮೆ ತೆಗೆದುಕೊಂಡು ನೋಡಿ.

ರೀಫ್: ಹಾಯಿ ಇಳಿಸುವ ಕ್ರಮ

ಮೊದಲ ರೀಫನ್ನು ಧಕ್ಕೆ ಬಿಡುವ ಮುಂಚೆಯೇ ಹಾಕಿ. ಬಿಚ್ಚುವುದು ಸುಲಭ, ಅಲೆಯಲ್ಲಿ ಹಾಕುವುದು ಕಷ್ಟ. ಎದುರುಗಾಳಿಯಲ್ಲಿ 18 ನಾಟ್‌ಗೆ ಮೊದಲನೆಯದು, 24ಕ್ಕೆ ಎರಡನೆಯದು, 30ಕ್ಕೆ ಇದ್ದರೆ ಮೂರನೆಯದು, ಇಲ್ಲದಿದ್ದರೆ ಮೇನ್‌ಸೈಲ್ ಪೂರ್ತಿ ಇಳಿಸಿ ಜೆನೋವಾದ ತುಣುಕಿನಲ್ಲೇ ಓಡಿಸಿ.

ಮಡಚುವ ಬಗೆಯ ಹಾಯಿಗೆ ಕ್ರಮ ತಪ್ಪಬಾರದು:

1. ಎಂಜಿನ್ ತಯಾರಿಟ್ಟು, ಜೆನೋವಾ ಬಿಗಿಯಾಗಿರುವಂತೆಯೇ ಗಾಳಿಗೆ ಓರೆಯಾಗಿ ಓಡಿ.
2. ಮೇನ್‌ಸೈಲ್‌ನ ಶೀಟ್ (ಹಾಯಿಯನ್ನು ಒಳಕ್ಕೆ ಎಳೆದು ಹಿಡಿಯುವ ಹಗ್ಗ) ಸಡಿಲಿಸಿ, ಬೂಮ್ (ಹಾಯಿಯ ತಳದ ಅಡ್ಡದಂಡ) ಕೆಳಗೆಳೆಯುವ ವ್ಯಾಂಗ್ ಬಿಡಿ. ವ್ಯಾಂಗ್ ಬಿಡದಿದ್ದರೆ ಹಾಯಿಯ ಹಿಂದಿನ ಅಂಚು ಬಿಗಿದುಕೊಂಡು ಮುಂದಿನ ಯಾವ ಕೆಲಸವೂ ಆಗದು.
3. ಹ್ಯಾಲ್ಯಾರ್ಡನ್ನು (ಹಾಯಿ ಏರಿಸುವ ಹಗ್ಗವನ್ನು) ಗುರುತಿನವರೆಗೆ ಇಳಿಸಿ. ಗುರುತು ಇಲ್ಲದಿದ್ದರೆ ಬಂದರಿನಲ್ಲೇ ಪೆನ್ನಿನಿಂದ ಹಾಕಿಕೊಂಡಿರಿ.
4. ಹಾಯಿಯ ಮುಂದಿನ (ಕಂಬದ ಕಡೆಯ) ಅಂಚಿನ ಉಂಗುರವನ್ನು ಕೊಕ್ಕೆಗೆ ಹಾಕಿ ಹ್ಯಾಲ್ಯಾರ್ಡ್ ಮತ್ತೆ ಗಟ್ಟಿಯಾಗಿ ಎಳೆಯಿರಿ.
5. ಹಿಂದಿನ ಅಂಚಿನ ರೀಫ್ ಹಗ್ಗವನ್ನು ಹಾಯಿಯ ತಳ ಚಪ್ಪಟೆಯಾಗುವವರೆಗೆ ವಿಂಚಿನಿಂದ (ಹಗ್ಗ ಸುತ್ತಿ ಎಳೆಯುವ ರಾಟೆಯಿಂದ) ಎಳೆಯಿರಿ. ಕೊನೆಗೆ ವ್ಯಾಂಗ್, ಶೀಟ್ ಬಿಗಿ.

ಐದನೆಯದನ್ನು ನಾಲ್ಕನೆಯದಕ್ಕಿಂತ ಮುಂಚೆ ಮಾಡಿದರೆ ಹಾಯಿ ಉಂಗುರದ ಬಳಿ ಹರಿಯುತ್ತದೆ.

ಕಂಬದೊಳಗೆ ಸುತ್ತುವ ಹಾಯಿಗಾದರೆ ವ್ಯಾಂಗ್ ಬಿಟ್ಟು ಬೂಮ್ ತುಸು ಮೇಲಿರಲಿ, ಹಾಯಿಯನ್ನು ಹೊರಗೆಳೆಯುವ ಹಗ್ಗವನ್ನು ಪೂರ್ತಿ ಬಿಡದೆ ಸ್ವಲ್ಪ ಎಳೆತ ಇಟ್ಟುಕೊಂಡೇ ಒಳಗೆ ಸುತ್ತಿ. ಸಡಿಲ ಸುತ್ತು ಮುಂದಿನ ಸಲ ಸಿಕ್ಕಿಕೊಳ್ಳುವ ಸುತ್ತು. ಸಿಕ್ಕಿಕೊಂಡರೆ ವಿಂಚ್ ಹಾಕಿ ಜಗ್ಗಬೇಡಿ. ಒಂದಡಿ ಒಳಗೆ, ಒಂದಡಿ ಹೊರಗೆ ಎಂದು ತಾಳ್ಮೆಯಿಂದ ಬಿಡಿಸಿ.

ಗಾಳಿ ಹಿಂದಿನಿಂದ ಇರುವಾಗಿನ ಮೋಸ ಬೇರೆ. 25 ನಾಟ್ ಗಾಳಿಯಲ್ಲಿ ನೀವು 7 ನಾಟ್ ಓಡುತ್ತಿದ್ದರೆ ಮುಖಕ್ಕೆ ತಗಲುವುದು 18 ಮಾತ್ರ. ಹಿತವಾಗಿದೆ ಎಂದು ಪೂರ್ತಿ ಹಾಯಿ ಇಟ್ಟುಕೊಂಡವರು ಬಂದರಿಗೆ ತಿರುಗುವಾಗ 30 ನಾಟ್‌ನ ಎದುರುಗಾಳಿಗೆ ಸಿಗುತ್ತಾರೆ. ಮೀಟರಿನಲ್ಲಿ ನಿಜಗಾಳಿಯ ಅಂಕೆಯನ್ನೇ ನೋಡಿ ರೀಫ್ ಮಾಡಿ. ಬೂಮನ್ನು ಮುಂದಕ್ಕೆ ಕಟ್ಟುವ ಹಗ್ಗ ಕಡ್ಡಾಯ, ಅದು ಇಲ್ಲದೆ ಬೂಮ್ ತಾನಾಗಿ ಇನ್ನೊಂದು ಬದಿಗೆ ಹಾರಿದರೆ ದಾರಿಯಲ್ಲಿರುವ ತಲೆಗೆ ಉಳಿಗಾಲವಿಲ್ಲ. ಇನ್ನೂ ಸುಲಭ ಉಪಾಯವೆಂದರೆ ಬರೀ ಜೆನೋವಾದಲ್ಲಿ ಹೋಗುವುದು. 22 ನಾಟ್ ಮೇಲೆ ಅರ್ಧ ಜೆನೋವಾವೇ ಆರು ನಾಟ್ ವೇಗ ಕೊಡುತ್ತದೆ.

ಅಲೆಯಲ್ಲಿ ಚುಕ್ಕಾಣಿ

ಎದುರಲೆಗೆ ನೇರ ಮೂತಿ ಕೊಟ್ಟರೆ ದೋಣಿ ನಿಂತುಬಿಡುತ್ತದೆ. ಗಾಳಿಗೆ 50–55 ಡಿಗ್ರಿ ಬಿಟ್ಟು ವೇಗ ಉಳಿಸಿಕೊಳ್ಳಿ, ಏರುವಾಗ ತುಸು ಗಾಳಿಯ ಕಡೆಗೆ, ನೆತ್ತಿ ದಾಟುತ್ತಲೇ ತುಸು ಆಚೆಗೆ ತಿರುಗಿಸಿ. ವೇಗ ನಾಲ್ಕು ನಾಟ್‌ಗಿಂತ ಇಳಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಹಿಂದಿನಿಂದ ಬರುವ ಅಲೆಯಲ್ಲಿ ಸ್ವಯಂಚಾಲಿತ ಚುಕ್ಕಾಣಿಯನ್ನು ನಂಬಬೇಡಿ. ಅದು ಅಲೆ ಬಂದ ಮೇಲೆ ತಿದ್ದುತ್ತದೆ, ಮನುಷ್ಯ ಮುಂಚೆಯೇ ತಿದ್ದುತ್ತಾನೆ. ಒಬ್ಬರಿಗೆ ನಲವತ್ತು ನಿಮಿಷಕ್ಕಿಂತ ಹೆಚ್ಚು ಚುಕ್ಕಾಣಿ ಬೇಡ.

ಕೇಯಾ ಮತ್ತು ಲಾವ್ರಿಯೊ ಎದುರಿನ ಮಾಕ್ರೊನಿಸೋಸ್ ದ್ವೀಪದ ನಡುವಿನ ಕಾಲುವೆಯಲ್ಲಿ ದೊಡ್ಡ ಹಡಗುಗಳ ಸಂಚಾರ ದಟ್ಟ. ಎಐಎಸ್ (ಸುತ್ತಲಿನ ಹಡಗುಗಳ ಸ್ಥಾನ, ವೇಗ ತೋರಿಸುವ ಸಾಧನ) ನೋಡುತ್ತ ಹಡಗಿನ ಹಿಂದಿನಿಂದ ದಾಟಿ. ನಿಮ್ಮ ಹಾಯಿಗೆ ಆದ್ಯತೆ ಇದೆ ಎಂಬ ವಾದ ಅಲೆಯ ನಡುವೆ ನಿಮ್ಮನ್ನು ಕಾಣದ ಹಡಗಿಗೆ ತಿಳಿಯದು.

ಕೆಟ್ಟಾಗ

ತಂಡ ಬಳಲಿದ್ದರೆ ಅಥವಾ ಏನೋ ರಿಪೇರಿ ಮಾಡಬೇಕಿದ್ದರೆ, ಜೊತೆಗೆ ಗಾಳಿ ದೋಣಿಯನ್ನು ತಳ್ಳುವ ಕಡೆಗೆ ಐದಾರು ಮೈಲು ತೆರೆದ ನೀರು ಇದ್ದರೆ, ದೋಣಿಯನ್ನು ತಡೆದು ನಿಲ್ಲಿಸಿ. ಜೆನೋವಾದ ಶೀಟ್ ಬಿಡದೆಯೇ ನಿಧಾನವಾಗಿ ಗಾಳಿಯ ಮೂಲಕ ತಿರುಗಿ. ಹಾಯಿ ತಪ್ಪು ಬದಿಗೆ ಉಬ್ಬಿಕೊಳ್ಳುತ್ತದೆ. ಮೇನ್‌ಸೈಲ್ ಸಡಿಲಿಸಿ, ಚಕ್ರವನ್ನು ಗಾಳಿ ಬರುವ ಕಡೆಗೆ ಪೂರ್ತಿ ತಿರುಗಿಸಿ ಕಟ್ಟಿ. ದೋಣಿ ಒಂದು–ಎರಡು ನಾಟ್‌ನಲ್ಲಿ ತೇಲುತ್ತ ಆಶ್ಚರ್ಯವಾಗುವಷ್ಟು ಶಾಂತವಾಗುತ್ತದೆ. ಮೊದಲ ದಿನವೇ ತಿಳಿಗಾಳಿಯಲ್ಲಿ ಇದನ್ನು ಅಭ್ಯಾಸ ಮಾಡಿ.

ಎಂಜಿನ್ ನಿಂತರೆ ಮೊದಲು ಜೆನೋವಾ ಸ್ವಲ್ಪ ಬಿಚ್ಚಿ ನೆಲದಿಂದ ದೂರ ಸರಿಯಿರಿ, ಫಿಲ್ಟರ್ ಆಮೇಲೆ. ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಅವರತ್ತ ಕೈ ತೋರಿಸುತ್ತಲೇ ಇರಬೇಕು, ಬೇರೆ ಕೆಲಸ ಕೊಡಬೇಡಿ. ತೇಲುವ ಉಂಗುರ ಎಸೆದು, ಬಿದ್ದ ಜಾಗ ಗುರುತಿಸುವ ಜಿಪಿಎಸ್‌ನ ಗುಂಡಿ ಒತ್ತಿ, ತಕ್ಷಣ ಮೇಲೆ ಹೇಳಿದಂತೆ ದೋಣಿ ತಡೆಯಿರಿ. ನೀರಿನಲ್ಲಿ ಹಗ್ಗ ತೇಲುತ್ತಿಲ್ಲ ಎಂದು ನೋಡಿದ ಮೇಲಷ್ಟೇ ಗೇರ್ ಹಾಕಿ. ಒದ್ದೆ ಬಟ್ಟೆಯ ಮನುಷ್ಯನನ್ನು ಕೈಯಿಂದ ಎತ್ತಲಾಗದು. ಹೆಚ್ಚುವರಿ ಹ್ಯಾಲ್ಯಾರ್ಡ್ ಕೊಕ್ಕೆ ಹಾಕಿ ವಿಂಚಿನಿಂದ ಎತ್ತಬೇಕು. ಪ್ರಾಣಾಪಾಯವಿದ್ದರೆ ವಿಎಚ್‌ಎಫ್‌ನ ಕೆಂಪು ಗುಂಡಿ ಒತ್ತಿ ಹಿಡಿದು, 16ನೇ ಚಾನೆಲ್‌ನಲ್ಲಿ ಮೇಡೇ ಹೇಳಿ. ಫೋನ್ ಸಿಗುವ ಕಡೆ ಕರಾವಳಿ ಕಾವಲು ಪಡೆಯ ಸಂಖ್ಯೆ 108, ಸಾಮಾನ್ಯ ತುರ್ತು ಸಂಖ್ಯೆ 112. ನಮ್ಮೂರಿನಲ್ಲಿ 108 ಆಂಬುಲೆನ್ಸ್, ಅಲ್ಲಿ ಕಡಲಿನ ರಕ್ಷಣೆ, ನೆನಪಿಡಲು ಸುಲಭ.

ಬಂದರಿನೊಳಗೆ

ಗ್ರೀಸಿನಲ್ಲಿ ದೋಣಿಯ ಹಿಂಭಾಗ ಧಕ್ಕೆಗೆ, ಮೂತಿಯ ಲಂಗರು ನೀರಿನಲ್ಲಿ. ಹೊರಗಿರುವಾಗಲೇ ಫೆಂಡರ್ (ದೋಣಿಯ ಬದಿಗೆ ಇಳಿಬಿಡುವ ಗಾಳಿ ತುಂಬಿದ ಮೆತ್ತೆ), ಹಿಂದಿನ ಎರಡು ಹಗ್ಗ ತಯಾರಿರಲಿ. ಧಕ್ಕೆಯಿಂದ ದೋಣಿಯ ನಾಲ್ಕು ಪಟ್ಟು ಉದ್ದದಷ್ಟು, ಅಂದರೆ 45–50 ಮೀಟರ್ ದೂರದಲ್ಲಿ ಲಂಗರು ಬಿಟ್ಟು ನಿಲ್ಲದೆ ಹಿಂದಕ್ಕೆ ಬನ್ನಿ. ಸರಪಳಿ ಬಿಡುವವರು ತಡೆದರೆ ಮೂತಿ ಗಾಳಿಗೆ ಹಾರಿಹೋಗುತ್ತದೆ. ಅಡ್ಡಗಾಳಿ ಇದ್ದರೆ ಲಂಗರನ್ನು ಗಾಳಿ ಬರುವ ಕಡೆಗೆ ಒಂದು ದೋಣಿಯಗಲ ಸರಿಸಿ ಬಿಡಿ, ಧಕ್ಕೆ ತಲುಪಿದಾಗ ಗಾಳಿ ಬರುವ ಬದಿಯ ಹಗ್ಗವನ್ನು ಮೊದಲು ಕಟ್ಟಿ, ಎಂಜಿನ್ ನಿಧಾನ ಮುಂದಕ್ಕೆ ಇಟ್ಟು ಹಿಡಿದುಕೊಳ್ಳಿ. ನಂತರ ಸರಪಳಿ ಬಿಗಿದು, ಹಿಂದಕ್ಕೆ ಜೋರು ಕೊಟ್ಟು ಪರೀಕ್ಷಿಸಿ. ಈಗಲೇ ಜಾರುವುದಾದರೆ ಜಾರಲಿ. 20 ನಾಟ್‌ಗಿಂತ ಹೆಚ್ಚಿನ ಅಡ್ಡಗಾಳಿಯಲ್ಲಿ ಈ ಸಾಹಸ ಬಿಟ್ಟು, ಜಾಗವಿದ್ದರೆ ಬದಿಗೊರಗಿ ಕಟ್ಟಿ, ಇಲ್ಲದಿದ್ದರೆ ಕೊಲ್ಲಿಯಲ್ಲಿ ಲಂಗರು ಹಾಕಿ.

ಲಂಗರಿಗೆ ಲೆಕ್ಕ: ಐದು ಮೀಟರ್ ಆಳ, ಮೂತಿಯ ಎತ್ತರ ಒಂದೂಕಾಲು, ಒಟ್ಟು ಆರೂಕಾಲು. ಐದು ಪಟ್ಟು ಅಂದರೆ ಸುಮಾರು 31 ಮೀಟರ್ ಸರಪಳಿ, ಗಾಳಿ ಏರುವುದಿದ್ದರೆ ಏಳು ಪಟ್ಟು, 44 ಮೀಟರ್. ಕಡಲಹುಲ್ಲಿನ ಕಪ್ಪು ಮಚ್ಚೆಯ ಮೇಲೆ ಬಿಡಬೇಡಿ, ಲಂಗರು ಹುಲ್ಲಿನ ಮೇಲೆ ಜಾರುತ್ತದೆ, ಹುಲ್ಲಿಗೂ ಹಾನಿ. ತಿಳಿ ಬಣ್ಣದ ಮರಳು ಹುಡುಕಿ. ಗಾಳಿ ಸುತ್ತಿ ತಿರುಗಿದರೆ ಹಿಂದೆ ಎಷ್ಟು ನೀರು, ಎಷ್ಟು ಬಂಡೆ ಎಂದು ನಕ್ಷೆಯಲ್ಲಿ ವೃತ್ತ ಹಾಕಿ ನೋಡಿ. ಫೋನಿನ ಲಂಗರು ಎಚ್ಚರಿಕೆ ಹಾಕಿ, ತಿರುವಿನ ರಾತ್ರಿ ಎರಡೆರಡು ಗಂಟೆಯ ಪಾಳಿ ಇಡಿ. ರಾತ್ರಿ ಹೊರಬೀಳಬೇಕಾದರೆ ಯಾವ ದಿಕ್ಕಿಗೆ, ಎಷ್ಟು ಆಳದಲ್ಲಿ ಎಂದು ಮಲಗುವ ಮುನ್ನವೇ ಬರೆದು ಚುಕ್ಕಾಣಿಯ ಬಳಿ ಅಂಟಿಸಿಡಿ.

ವಾಪಸು

ನಾವೂಸಾ ತಲುಪಿದ ಸಂಜೆಯಿಂದಲೇ ಮುಂದಿನ ತೆಂಕಣ ಗಾಳಿಯನ್ನು ಹುಡುಕಲು ಶುರು ಮಾಡಿ, ಪಕ್ಕದ ನಕ್ಸೋಸ್ ದ್ವೀಪ ಎದುರಿಗೇ ಕಂಡರೂ. ಅದು 10 ಮೈಲು ದೂರವಷ್ಟೇ, ಆದರೆ ನಡುವಿನ ಜಲಸಂಧಿ ಬಡಗಣ ಗಾಳಿಯನ್ನು ಹಿಂಡಿ ಬಿಡುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ವಾಪಸಿನ ಅವಕಾಶ ತಪ್ಪುತ್ತದೆ. ತೆಂಕಣ ಗಾಳಿ 4 ಎಂದು ಕಾಣಿಸಿದ ದಿನ ಬೆಳಕು ಹರಿಯುತ್ತಲೇ ಹೊರಟು ಫಿನಿಕಾಸ್ ಬಳಿ ನಿಂತು ಪರಿಸ್ಥಿತಿ ನೋಡಿ. ಶೀತಮುಖಕ್ಕೆ ಇನ್ನೂ ಹದಿನೈದು ಗಂಟೆ ಇದ್ದರೆ ಕಿಥ್ನೋಸ್ ಬಿಟ್ಟು ನೇರ ಕೇಯಾಗೆ, ಸುಮಾರು 35 ಮೈಲು, ಆರು ಗಂಟೆ. ಅಷ್ಟು ಸಮಯವಿಲ್ಲದಿದ್ದರೆ ಸೀರೋಸ್‌ನಲ್ಲೇ ಉಳಿಯಿರಿ, ಆದರೆ ಫಿನಿಕಾಸ್ ತೆಂಕಣಕ್ಕೆ ತೆರೆದಿರುವುದರಿಂದ ಎರ್ಮೂಪೊಲಿಯ ಒಳಭಾಗಕ್ಕೆ ಹೋಗಿ. ಕೇಯಾದ ಉತ್ತರ ತುದಿ ಸುತ್ತುವಾಗ ಬೆಟ್ಟದ ಮರೆಯ ಹೊಡೆತಗಳಿಗೆ ಎರಡನೇ ರೀಫ್ ಇರಲಿ.

ವೂರ್ಕಾರಿಯಲ್ಲಿ ಶೀತಮುಖ ತಲೆಯ ಮೇಲೆ ಹಾದುಹೋಗಲಿ. ಮಾರನೆಯ ದಿನ ಬಡಗಣ ಗಾಳಿ 5–6ಕ್ಕೆ ಇಳಿದಾಗ ಉಳಿದ 15 ಮೈಲು ಗಾಳಿ ಬದಿಯಿಂದ ತಗಲುತ್ತದೆ, ದೋಣಿಗೆ ಅದು ಅತ್ಯಂತ ವೇಗದ ಕೋನ. ಮಾಕ್ರೊನಿಸೋಸ್‌ನ ದಕ್ಷಿಣ ತುದಿಯನ್ನು ಅರ್ಧ ಮೈಲಿಗಿಂತ ಹೊರಗೆ ಇಟ್ಟು ಸುತ್ತಿ. ಅದರ ಮರೆಗೆ ಬಂದಾಗ ಅಲೆ ಸತ್ತರೂ ರೀಫ್ ಬಿಚ್ಚಬೇಡಿ, ಲಾವ್ರಿಯೊದ ಬಾಯಿಯವರೆಗೂ ಹೊಡೆತಗಳಿರುತ್ತವೆ. ಡೀಸೆಲ್ ತುಂಬಿಸುವ ಧಕ್ಕೆಯಲ್ಲಿ ಸಂಜೆ ಸಾಲು ಇರುವುದರಿಂದ ಮಧ್ಯಾಹ್ನ ಮೂರರೊಳಗೆ ತಲುಪಿ. ದೋಣಿ ಒಪ್ಪಿಸುವಾಗ ಸವೆದ ಹಗ್ಗ, ಬದಲಿಸಿದ ಫಿಲ್ಟರ್ ಎಲ್ಲವನ್ನೂ ಬರೆದು ಕೊಡಿ. ಮುಂದಿನ ತಂಡ ಅದೇ ದೋಣಿಯಲ್ಲಿ ಅದೇ ಕಾಲುವೆ ದಾಟಲಿದೆ.